ಬೆರಳು ನಿಲ್ಲುವ ಜಾಗ

ಡೈರಿಯಲ್ಲಿ ಹಾಲು ಅಳೆಯುವ ಹೆಂಗಸಿಗೆ ಹಳೇ ಗೇರ್ ಸೈಕಲ್ಲುಗಳ ಹುಚ್ಚು ಯಾಕೆ ಎಂದು ನಮ್ಮೂರಿನಲ್ಲಿ ನನ್ನನ್ನು ಕೇಳದವರಿಲ್ಲ. ನಮ್ಮೂರೆಂದರೆ ಬಂಗಾರಪೇಟೆಗೆ ಅಂಟಿಕೊಂಡಿರುವ ಹಳ್ಳಿ. ಮನೆಯ ಮಾಳಿಗೆ ಮೇಲೆ ನಿಂತರೆ ಜಂಕ್ಷನ್ನಿನ ಸಿಗ್ನಲ್ ಕಾಣುತ್ತದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನನಗೆ ಹಾಲಿನ ಕೆಲಸ. ನಡುವಿನ ಹೊತ್ತಿನಲ್ಲಿ ಬೇರೆಯವರು ಸೀರಿಯಲ್ ನೋಡುತ್ತಾರೆ. ನಾನು ದನದ ಕೊಟ್ಟಿಗೆಯ ಪಕ್ಕ, ತಗಡಿನ ಚಪ್ಪರದ ಕೆಳಗೆ ಕೂತು, ಯಾರೋ ಗುಜರಿಗೆ ಹಾಕಿದ ಸೈಕಲ್ಲಿನ ನಟ್ಟು ಬಿಚ್ಚುತ್ತೇನೆ. ಇದರಲ್ಲಿ ಕೇಳುವುದಕ್ಕೇನಿದೆಯೋ ನನಗೆ ಗೊತ್ತಿಲ್ಲ.

ಕೇಳಿದವರಿಗೆ ನನ್ನ ಉತ್ತರ ಒಂದೇ. "ನಿನ್ನ ಹಸು ಇವತ್ತು ಇಷ್ಟು ನೀರು ಯಾಕೆ ಕರೆದೈತೆ ಅಂತ ನಾನು ಕೇಳಿದ್ನಾ?" ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಗಂಡ ಅದನ್ನು ಮದುವೆಯಾದ ವಾರದಲ್ಲಿ ಕಂಡುಕೊಂಡರು, ಹಾಲು ಹಾಕುವವರು ಮೊದಲ ದಿನವೇ.

ನಿಜವಾದ ಉತ್ತರ ಬೇರೆ ಇದೆ. ನಮ್ಮಪ್ಪನದು ಬಂಗಾರಪೇಟೆ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಸೈಕಲ್ ಶಾಪು. ಗಂಡುಮಕ್ಕಳಿಲ್ಲದ ಮನೆ, ಹಾಗಾಗಿ ಪಂಕ್ಚರ್ ಹಾಕುವುದನ್ನೂ ಚಕ್ರದ ಡೊಂಕು ತೆಗೆಯುವುದನ್ನೂ ನನಗೇ ಕಲಿಸಿದರು. ನಾನು ಹೈಸ್ಕೂಲಿನಲ್ಲಿದ್ದಾಗ ಅಂಗಡಿಗೆ ಮೊದಲ ಗೇರ್ ಸೈಕಲ್ ಬಂತು. ದಪ್ಪ ಟೈರು, ಟೈರಿನ ತುಂಬ ಕಡಲೆಬೀಜದಷ್ಟು ಗಂಟುಗಳು, ನೇರವಾದ ಹ್ಯಾಂಡಲ್ಲು, ಹಿಂದೆ ಒಂದರ ಪಕ್ಕ ಒಂದು ಹಲ್ಲಿನ ಚಕ್ರಗಳು. ಬೆಟ್ಟ ಹತ್ತುವ ಸೈಕಲ್ಲು ಅಂದರು. ಅಪ್ಪ ಅದನ್ನು ಒಗೆದ ಗೋಣಿಚೀಲದ ಮೇಲೆ ಮಲಗಿಸಿ, "ನೀನು ಮುಟ್ಬೇಡ ಕಣೆ, ಇದರ ಯವಾರ ಬೇರೆ," ಅಂದರು. ಅಲ್ಲಿಯವರೆಗೆ ಎಲ್ಲವನ್ನೂ ಮುಟ್ಟಿಸಿ ಅವತ್ತು ಮಾತ್ರ ಬೇಡ ಅಂದದ್ದು ನನಗೆ ಎಷ್ಟು ಉರಿಯಿತೆಂದರೆ, ಆ ಉರಿ ಇನ್ನೂ ಪೂರ್ತಿ ಆರಿಲ್ಲ.

ಈಗ ಅಪ್ಪ ಇಲ್ಲ. ಶಾಪಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅವರ ನಟ್ಟು ಬಿಚ್ಚುವ ಪಾನಾ, ಕಡ್ಡಿ ಬಿಗಿಯುವ ಕೀಲಿ, ಹಿಡಿ ಸವೆದ ಸುತ್ತಿಗೆ ನನ್ನ ಹತ್ತಿರ ಇವೆ. ಅವತ್ತು ಮುಟ್ಟಬಾರದಿದ್ದ ಸೈಕಲ್ಲುಗಳನ್ನು ಈಗ ಜನ ಕಬ್ಬಿಣದ ತೂಕಕ್ಕೆ ಹಾಕುತ್ತಾರೆ. ನಾನು ಎತ್ತಿಕೊಂಡು ಬಂದು ಬೇಕಾದಷ್ಟು ಮುಟ್ಟುತ್ತೇನೆ.

ಕೆಲಸಕ್ಕೊಂದು ಕ್ರಮವಿದೆ. ಮೊದಲು ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೋ ಹೊಡೆದುಕೊಳ್ಳುತ್ತೇನೆ. ಬಿಚ್ಚಿದ ಮೇಲೆ ಯಾವ ವಾಷರು ಎಲ್ಲಿತ್ತೆಂದು ದೇವರಿಗೂ ನೆನಪಿರುವುದಿಲ್ಲ. ಬಿಚ್ಚಿದ ಮೇಲೆ ಚೈನು ಸೀಮೆಎಣ್ಣೆಯಲ್ಲಿ ಮಲಗುತ್ತದೆ, ತುಕ್ಕು ಹಿಡಿದ ಸಣ್ಣ ಸಾಮಾನು ಹುಣಿಸೆ ನೀರಿನಲ್ಲಿ. ತುಕ್ಕು ಬಿಡಿಸಲು ಏನೇನೋ ಡಬ್ಬಿಗಳು ಸಿಗುತ್ತವೆ, ನಮ್ಮ ಕಡೆಯ ಹುಣಿಸೆಹಣ್ಣಿನ ಮುಂದೆ ಅವು ಯಾವ ಲೆಕ್ಕ. ಚಕ್ರ ಕಟ್ಟುವಾಗ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ಕೇಳುತ್ತೇನೆ; ಒಂದು ಕಡೆಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ದನಿ ಕೊಡಬೇಕು. ಕೊನೆಗೆ ಬಣ್ಣ. ಬಣ್ಣಕ್ಕೆ ಮೊದಲು ಫ್ರೇಮಿನ ಮೇಲಿನ ತಗ್ಗು, ಗೀರು ಎಲ್ಲಕ್ಕೂ ಪುಟ್ಟಿ ಮೆತ್ತಿ, ಒಣಗಿಸಿ, ಉಜ್ಜಿ ಸಮ ಮಾಡಬೇಕು. ಸಮವಾಯಿತೋ ಇಲ್ಲವೋ ನೋಡಲು ಅಪ್ಪನದೊಂದು ಪರೀಕ್ಷೆಯಿತ್ತು. "ಕಣ್ಣು ಮುಚ್ಚಿ ಬೆರಳಾಡ್ಸು. ಬೆರಳು ಎಲ್ಲಾದ್ರೂ ನಿಂತ್ರೆ ಕೆಲ್ಸ ಮುಗಿದಿಲ್ಲ ಅಂತ." ಇವತ್ತಿಗೂ ನಾನು ಹಾಗೆಯೇ ನೋಡುವುದು. ಆ ಪರೀಕ್ಷೆಯಲ್ಲಿ ಒಮ್ಮೆ ತುಂಬ ಚೆನ್ನಾಗಿ ಪಾಸಾಗಿ, ಒಬ್ಬರಿಗೆ ಊಟ ಸೇರದಂತೆ ಮಾಡಿದೆ. ಹೇಳಬೇಕೆಂದು ಕೂತಿರುವುದು ಅದನ್ನೇ.

ಹಳೇ ಸೈಕಲ್ಲು ಹುಡುಕಲು ನಾನು ಹೋಗುವುದು ಉರಿಗಾಮಿಗೆ. ಭಾನುವಾರ ಬೆಳಗಿನ ಹಾಲು ಮುಗಿಸಿ ಮಾರಿಕುಪ್ಪಂ ರೈಲು ಹತ್ತಿದರೆ ಹೆಚ್ಚು ಹೊತ್ತಿನ ದಾರಿಯಲ್ಲ. ಚಿನ್ನದ ಗಣಿ ನಡೆಯುತ್ತಿದ್ದಾಗ ಅಲ್ಲಿಯವರು ಒಳ್ಳೆಯ ಸಾಮಾನು ಕೊಂಡವರು; ಅಲ್ಲಿಯ ಗುಜರಿಯಲ್ಲಿ ಬೇರೆಲ್ಲೂ ಸಿಗದ್ದು ಸಿಗುತ್ತದೆ. ಹೋದ ವರ್ಷ ಮಳೆ ಮುಗಿದ ಮೇಲೆ ಒಂದು ಭಾನುವಾರ, ಖಾಲಿ ಫ್ರೇಮೊಂದನ್ನು ಹೆಗಲಿಗೆ ಹಾಕಿಕೊಂಡು ಉರಿಗಾಂ ಸ್ಟೇಷನ್ನಿನಲ್ಲಿ ವಾಪಸ್ ರೈಲಿಗೆ ಕಾಯುತ್ತಿದ್ದೆ. ಸೀರೆಯುಟ್ಟ ಹೆಂಗಸಿನ ಹೆಗಲ ಮೇಲೆ ಸೈಕಲ್ಲಿನ ಅಸ್ಥಿಪಂಜರ ಕಂಡರೆ ಜನ ನೋಡುತ್ತಾರೆ, ನೋಡಲಿ. ಒಬ್ಬಳು ಮಾತ್ರ ಹತ್ತಿರ ಬಂದಳು. ಮೂವತ್ತೈದರ ಆಚೆ ಈಚೆ. ಬೆಂಗಳೂರಿನ ಗಾರ್ಮೆಂಟ್ಸಿಗೆ ದಿನಾ ರೈಲಿನಲ್ಲಿ ಓಡಾಡುವವಳೆಂದು ಆಮೇಲೆ ತಿಳಿಯಿತು.

"ಅಕ್ಕ, ಇಂತಾ ಸೈಕಲ್ಲು ರಿಪೇರಿ ಮಾಡ್ತೀರಾ?"

"ರಿಪೇರಿ ಅಲ್ಲ, ಹೊಸದೇ ಮಾಡ್ಬುಡ್ತೀನಿ," ಅಂದೆ. ನನಗೆ ಸ್ವಲ್ಪ ಜಂಬ.

"ನಮ್ಮಪ್ಪಂದೊಂದು ಐತೆ. ಒಂದ್ಸಲ ಬಂದು ನೋಡಿ ಅಕ್ಕ. ಅದು ಮುರಿದಾಗಿಂದ ಅಪ್ಪ ಕುಂತ ಜಾಗ ಬುಟ್ಟು ಏಳ್ತಿಲ್ಲ."

ಸೈಕಲ್ಲು ಮುರಿದರೆ ಮುದುಕರು ಯಾಕೆ ಏಳುವುದಿಲ್ಲ ಎಂದು ಅರ್ಥವಾಗಲಿಲ್ಲ. ರೈಲು ತಪ್ಪಿದರೆ ಸಂಜೆಯ ಹಾಲಿಗೆ ತಡವಾಗುತ್ತದೆ ಎಂದು ಗೊಣಗುತ್ತಲೇ ಅವಳ ಹಿಂದೆ ಹೋದೆ.

ಗಣಿ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಅವರದೊಂದು. ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಅವರು ಕೂತಿದ್ದರು. ಎಪ್ಪತ್ತು ದಾಟಿದವರು, ಇನ್ನೂ ಅಗಲವಾದ ಹೆಗಲು, ಇಸ್ತ್ರಿ ಹಾಕಿದ ಶರಟು. ಗಣಿ ಮುಚ್ಚುವವರೆಗೂ ಒಳಗಿಳಿದು ಕೆಲಸ ಮಾಡಿದವರು. ಕಣ್ಣಿನ ನರ ಒಣಗಿದೆ, ಆಪರೇಷನ್ನಿಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿ ನಾಲ್ಕೈದು ವರ್ಷವಾಗಿತ್ತಂತೆ. ಬೆಳಕು ಯಾವ ಕಡೆಗಿದೆ ಅನ್ನುವುದಷ್ಟೇ ಅವರಿಗೆ ತಿಳಿಯುತ್ತದೆ. ಮಗಳು ತಂದುಕೊಟ್ಟ ಬಿಳಿ ಕೋಲು ಬಾಗಿಲ ಮೇಲೆ ಅಡ್ಡ ಕಟ್ಟಿತ್ತು, ಅದರ ಮೇಲೆ ಒದ್ದೆ ಟವೆಲ್ಲು ಒಣಗುತ್ತಿತ್ತು.

ಕಣ್ಣು ಕಾಣದವರು ಸೈಕಲ್ಲು ಹೇಗೆ ತುಳಿಯುತ್ತಿದ್ದರು ಎಂದು ನಾನು ಮಗಳನ್ನು ಕೇಳಿದೆ. ಅವರೇ ಉತ್ತರ ಕೊಟ್ಟರು.

"ತುಳಿಯಲ್ಲಮ್ಮ. ತಳ್ಕೊಂಡು ಓಗ್ತೀನಿ. ಮುಂದಿನ ಚಕ್ರ ಗುಂಡಿಗೆ ಇಳೀತು ಅಂದ್ರೆ ನನ್ ಕಾಲಿಗೆ ಮುಂಚೆ ಕೈಗೆ ಗೊತ್ತಾಗ್ತದೆ."

"ಅದಕ್ಕೆ ಕೋಲು ಇದೆಯಲ್ಲ ತಾತ."

"ಕೋಲು ಇಡ್ಕೊಂಡ್ರೆ ಜನ ದಾರಿ ಬುಡ್ತಾರೆ, ಅಯ್ಯೋ ಪಾಪ ಅಂತಾರೆ. ಸೈಕಲ್ಲು ಇಡ್ಕೊಂಡ್ರೆ, ಏನಣ್ಣ ಎಲ್ಲಿಗೋಗ್ತಿದ್ದೀಯ ಅಂತ ಕೇಳ್ತಾರೆ."

ನಾನು ಹೆಗಲ ಮೇಲಿನ ಫ್ರೇಮನ್ನು ಇಳಿಸಿ ಗೋಡೆಗೆ ಒರಗಿಸಿದೆ. ರೈಲು ತಪ್ಪಿದರೆ ತಪ್ಪಲಿ.

ದಿನಾ ಬೆಳಿಗ್ಗೆ ಅವರು ಸೈಕಲ್ಲು ತಳ್ಳಿಕೊಂಡು, ನೀರಿನ ಟ್ಯಾಂಕು ಬಳಸಿ, ಮೋರಿ ದಾಟಿ, ಸ್ಟೇಷನ್ನಿನ ಎದುರಿನ ಟೀ ಅಂಗಡಿಗೆ ಹೋಗುತ್ತಿದ್ದರಂತೆ. ಜೊತೆಯಲ್ಲಿ ಗಣಿಗಿಳಿದ ನಾಲ್ಕು ಜನ ಅಲ್ಲಿ ಸೇರುತ್ತಿದ್ದರು. ಟೀ ಕುಡಿದು, ಮಾತಾಡಿ, ರೈಲು ಹೋದ ಸದ್ದು ಕೇಳಿ ವಾಪಸ್ಸು. ಮಳೆಗಾಲದಲ್ಲಿ ಯಾವುದೋ ಲಗೇಜ್ ಆಟೋ ರಿವರ್ಸ್ ಬಂದು ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಹಿಂದಿನ ಚಕ್ರ ಮಡಚಿಹಾಕಿತು. ಅವತ್ತಿನಿಂದ ಅವರು ಆ ಕಲ್ಲು ಬಿಟ್ಟು ಆಚೆ ಹೋಗಿಲ್ಲ. ನನ್ನನ್ನು ಬೀದಿಯ ತಿರುವಿನವರೆಗೆ ಕಳಿಸಲು ಬಂದ ಮಗಳು ಅಲ್ಲಿ ನಿಂತು ಅತ್ತಳು. "ಇಕ್ಕಿದ್ರಲ್ಲಿ ಅರ್ಧ ಬುಡ್ತಾನೆ. ಮಾತಿಲ್ಲ, ಕತೆಯಿಲ್ಲ. ಇಂಗೇ ಕುಂತು ಕುಂತು ಓಗ್ಬುಡ್ತಾನೆ ಅಕ್ಕ ನಮ್ಮಪ್ಪ."

ಸೈಕಲ್ಲನ್ನು ನನಗೆ ಒಪ್ಪಿಸುವಾಗ ಅವರು ಹೇಳಿದ್ದು ಒಂದೇ ಮಾತು. "ಚಕ್ರ ಬದಲಾಯ್ಸು, ಸೀಟು ಬದಲಾಯ್ಸು. ಕಬ್ಬಿಣ ಮಾತ್ರ ನಂದೇ ಇರ್ಲಿ." ಹೇಳುವಾಗ ಅವರ ಕೈ ಫ್ರೇಮಿನ ಮೇಲೊಮ್ಮೆ ಆಡಿತು. ದನ ಮಾರುವವರು ಕೊನೆಯ ಸಲ ಬೆನ್ನು ಸವರುವಂತೆ ಸವರುತ್ತಿದ್ದಾರೆ ಎಂದುಕೊಂಡೆ. ಅಷ್ಟೇ ಎಂದುಕೊಂಡದ್ದು ನನ್ನ ತಪ್ಪು.

ಅಂಥ ಸೈಕಲ್ಲು ನನ್ನ ಕೈಗೆ ಅದುವರೆಗೆ ಬಂದಿರಲಿಲ್ಲ. ತೊಂಬತ್ತರ ದಶಕದ್ದು, ಅಪ್ಪ ಗೋಣಿಚೀಲದ ಮೇಲೆ ಮಲಗಿಸಿದ್ದ ಅದೇ ತರಹದ್ದು. ಸೀಟಿನ ಕೊಳವೆ ಎಳೆದು ತೆಗೆದಾಗ, ಅಲ್ಲಿ ಬಿಸಿಲು ಕಾಣದ ಜಾಗದಲ್ಲಿ, ಮೊದಲಿನ ಬಣ್ಣ ಬೆರಳಗಲ ಉಳಿದಿತ್ತು. ನವಿಲಿನ ಕತ್ತಿನ ನೀಲಿ. ಉಳಿದ ಕಡೆಯೆಲ್ಲ ಯಾರೋ ಕಿಟಕಿಯ ಸರಳಿಗೆ ಬಳಿಯುವ ಕಪ್ಪು ಬಳಿದಿದ್ದರು. ಆ ನೀಲಿ ಕಂಡದ್ದೇ ನಾನು ಮೈಮರೆತೆ. ಬಂಗಾರಪೇಟೆಯ ಪೇಂಟ್ ಅಂಗಡಿಯವನ ಮುಂದೆ ಕೊಳವೆ ಹಿಡಿದು ನಾಲ್ಕು ಸಲ ಬಣ್ಣ ಕಲಸಿಸಿದೆ. ನಾಲ್ಕನೇ ಸಲ ಅವನು, "ಅಕ್ಕ, ಇದೇನು ಮದುವೆಗಾ?" ಅಂದ. ಹೌದು, ನಿನ್ನದೇ ಅಂದೆ.

ಹೊಸ ರಿಮ್ಮು ಸಿಗಲಿಲ್ಲ. ಎರಡು ಹಳೇ ಸೈಕಲ್ಲಿನಿಂದ ಎರಡು ಚಕ್ರ ಕಟ್ಟಿದೆ. ಹ್ಯಾಂಡಲ್ಲಿನ ಕೊಳವೆ ತುಕ್ಕು ಹಿಡಿದು ಫ್ರೇಮಿನೊಳಗೆ ಕಚ್ಚಿಕೊಂಡಿತ್ತು. ಅದನ್ನು ಬಿಡಿಸಲು ಒಂದು ವಾರ ದಿನಾ ಸೀಮೆಎಣ್ಣೆ ಹನಿಸಿ, ಕುದಿಯುವ ನೀರು ಸುರಿದು, ಬೈದು, ಕೊನೆಗೆ ಅಪ್ಪನ ಸುತ್ತಿಗೆಯಿಂದ ಮೆತ್ತಗೆ ನಾಲ್ಕು ಕೊಟ್ಟಾಗ ಬಂತು. ಅವತ್ತು ಮಧ್ಯಾಹ್ನ ನಾನೊಬ್ಬಳೇ ಕೂತು ಒಂದು ಲೋಟ ಕಾಫಿ ಕುಡಿದ ಖುಷಿ ಯಾರಿಗೂ ಹೇಳಿಲ್ಲ. ಕಪ್ಪು ಬಣ್ಣ ಕೆರೆದು ತೆಗೆದ ಮೇಲೆ ಫ್ರೇಮಿನ ಮೇಲೆ ತಗ್ಗುಗಳಿದ್ದವು, ಕೆಲವು ಗೀರುಗಳಿದ್ದವು. ಒಂದು ಜಾಗದಲ್ಲಿ ಗೀರುಗಳು ಸ್ವಲ್ಪ ಆಳ. ಯಾವ ಜಾಗ, ಎಷ್ಟು ಗೀರು ಎಂದು ನಾನು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಬೀಗದ ಸರಪಳಿ ಉಜ್ಜಿ ಆದದ್ದಿರಬೇಕು ಎಂದುಕೊಂಡು ಎಲ್ಲದರ ಜೊತೆ ಅದಕ್ಕೂ ಪುಟ್ಟಿ ಮೆತ್ತಿದೆ, ಮೂರು ತರಹದ ಉಪ್ಪುಕಾಗದದಲ್ಲಿ ಉಜ್ಜಿದೆ. ಕಣ್ಣು ಮುಚ್ಚಿ ಬೆರಳಾಡಿಸಿದೆ. ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ನಿಲ್ಲಲಿಲ್ಲ. ಅಪ್ಪ ಇರಬೇಕಿತ್ತು ಅನ್ನಿಸಿತು.

ಮೂರು ಕೈ ನೀಲಿ, ಮೇಲೊಂದು ಕೈ ಹೊಳಪಿನ ಎಣ್ಣೆ. ನನ್ನ ಕೈಯಿಂದ ಅಷ್ಟು ಚೆಂದದ ಸೈಕಲ್ಲು ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ರೈಲಿನಲ್ಲಿ ಹಾಕಿಕೊಂಡು ಉರಿಗಾಮಿಗೆ ಹೋದೆ. ಸಾಲುಮನೆಯವರೆಲ್ಲ ಹೊರಗೆ ಬಂದರು. ಪಕ್ಕದ ಮನೆಯ ಹೆಂಗಸು ತಮಿಳಿನಲ್ಲಿ "ಪುದುಸು ಮಾದಿರಿಯೇ ಇರುಕ್ಕು" ಅಂದಳು, ಹೊಸದೇ ಅನ್ನುವ ಹಾಗಿದೆ ಎಂದು. ಮಗಳು ಒಲೆಯ ಕೆಲಸ ಬಿಟ್ಟು ಬಂದು ಸೆರಗಿನಿಂದ ಕೈ ಒರೆಸಿಕೊಂಡು, ಮುಟ್ಟಲು ಹೆದರಿ ನಿಂತಳು. ನಾನು ಮುದುಕರ ಕೈ ಹಿಡಿದು ಹ್ಯಾಂಡಲ್ಲಿನ ಮೇಲೆ ಇಟ್ಟೆ. ಅವರು ಎದ್ದು ನಿಂತರು. ಬೆಲ್ಲು ಒತ್ತಿದರು, ಬ್ರೇಕು ಹಿಡಿದು ನೋಡಿದರು, ಸೀಟು ತಟ್ಟಿದರು. ಮುಖದಲ್ಲಿ ನಗು ಬರುತ್ತಿತ್ತು. ಆಮೇಲೆ ಕೈ ಫ್ರೇಮಿಗೆ ಇಳಿಯಿತು. ಹೋಯಿತು, ಬಂತು. ಮತ್ತೆ ಹೋಯಿತು, ಬಂತು. ಮೂರನೇ ಸಲ ಬಹಳ ನಿಧಾನವಾಗಿ ಹೋಗಿ ಬಂದು, ಅವರು ಕೈ ಹಿಂದಕ್ಕೆ ತೆಗೆದುಕೊಂಡು ಮತ್ತೆ ಕಲ್ಲಿನ ಮೇಲೆ ಕೂತರು.

"ಇದು ನಂದಲ್ಲ."

ಮಗಳು ನಕ್ಕಳು. "ನಿಂದೇ ಕಣಪ್ಪ. ಅಕ್ಕ ಒಸ ಬಣ್ಣ ಮಾಡ್ಸವ್ರೆ."

"ಬಣ್ಣ ನಂಗೇನ್ ಕಾಣ್ತದಾ? ಕಣ್ಣು ಓಗೈತೆ, ಕೈ ಓಗಿಲ್ಲ. ನಂದಲ್ಲ ಇದು." ಆಮೇಲೆ ನನ್ನ ಕಡೆ ಮುಖ ಮಾಡಿ, ದನಿ ಏರಿಸದೆ, "ನನ್ ಸೈಕಲ್ಲು ಎಲ್ಲಮ್ಮ?" ಅಂದರು.

ಅಷ್ಟು ಜನರ ಮುಂದೆ. ಬೈದಿದ್ದರೆ ತಿರುಗಿ ಬೈದು ಹಗುರವಾಗುತ್ತಿದ್ದೆ. ಆ ಮೆತ್ತನೆಯ ದನಿಯೇ ನನ್ನ ತಲೆಗೆ ಬೆಂಕಿ ಹಚ್ಚಿತು. ಎರಡು ತಿಂಗಳು ಬೆನ್ನು ಬಗ್ಗಿಸಿ ಮಾಡಿದ್ದೇನೆ, ನಿಮ್ಮ ತುಕ್ಕು ಕಬ್ಬಿಣ ಕದ್ದು ನಾನೇನು ಬಂಗಲೆ ಕಟ್ಟಬೇಕಾ ಅಂದೆ. ಏನು ಕಮ್ಮಿಯಾಗಿದೆ ಹೇಳಿ, ಏನು ಇಲ್ಲ ಇದರಲ್ಲಿ ಅಂದೆ.

"ಅದು ಏಳೋ ಮಾತಲ್ಲ," ಅಂದರು.

"ಹೇಳೋ ಮಾತಲ್ಲ ಅಂದ್ರೆ ಆಡೋ ಮಾತೂ ಅಲ್ಲ," ಎಂದು ಸೈಕಲ್ಲನ್ನು ಅಲ್ಲೇ ಗೋಡೆಗೆ ಒರಗಿಸಿ, ಕರೆಯುತ್ತಾ ಹಿಂದೆ ಬಂದ ಮಗಳ ಕಡೆ ತಿರುಗಿಯೂ ನೋಡದೆ ಸ್ಟೇಷನ್ನಿಗೆ ನಡೆದೆ.

ರೈಲಿನಲ್ಲಿ ಕಿಟಕಿ ಪಕ್ಕ ಕೂತು ಅವರನ್ನು ಮನಸ್ಸಿನಲ್ಲೇ ಬೈಯುತ್ತಾ ಬಂದೆ. ಅರ್ಧ ದಾರಿಗೆ ಬಂದಾಗ ಬೈಗುಳ ಮುಗಿದು ಅವಮಾನವಷ್ಟೇ ಉಳಿಯಿತು. ಇಷ್ಟು ವರ್ಷ ಡೈರಿಯಲ್ಲಿ ಕೂತು, ಹಾಲಿಗೆ ನೀರು ಹಾಕಿದ್ದೀಯಾ ಎಂದು ನಾನು ಎಷ್ಟು ಜನರನ್ನು ಕೇಳಿದ್ದೇನೋ. ಸಾಲಿನಲ್ಲಿ, ನೆರೆಯವರೆಲ್ಲ ಕೇಳುವಂತೆ. ಕೇಳಿಸಿಕೊಂಡವರಿಗೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು.

ಗೊತ್ತಾಯಿತು ಎಂದು ಅವತ್ತು ಸಂಜೆ ನಾನೇನೂ ಮೆತ್ತಗಾಗಲಿಲ್ಲ. ಒಬ್ಬಳ ಕ್ಯಾನು ತೊಳೆದಿಲ್ಲ ಎಂದು ಬೈದೆ, ಇನ್ನೊಬ್ಬನಿಗೆ ತಡ ಎಂದು ಬೈದೆ. ಸಾಲಿನಲ್ಲಿ ಒಬ್ಬ ಹಿರಿಯರಿದ್ದರು. ವಯಸ್ಸಿನಲ್ಲಿ ಅವರೂ ಗಣಿಯಲ್ಲಿ ದುಡಿದು, ಗಣಿ ಮುಚ್ಚಿದ ಮೇಲೆ ಊರಿಗೆ ಬಂದು ಎರಡು ಹಸು ಕಟ್ಟಿದವರು. "ಯಾಕಮ್ಮ ಇವತ್ತು ಆಲು ಒಡೆದೋಗಂಗೆ ನೋಡ್ತಿದ್ದೀಯ?" ಅಂದರು. ನಾನು ತಡೆಯಲಾರದೆ ನಡೆದದ್ದನ್ನು ಹೇಳಿದೆ. ಮುದುಕರು ಫ್ರೇಮನ್ನು ಸವರಿ ಸವರಿ ನೋಡಿ ನಂದಲ್ಲ ಅಂದದ್ದು ಕೇಳಿ ಅವರ ಮುಖ ಬದಲಾಯಿತು.

"ಗುರುತು ಸಿಕ್ಕಿಲ್ಲ ಅವ್ನಿಗೆ," ಅಂದರು.

"ಏನು ಗುರುತು?"

"ಶಿಫ್ಟು ಬುಟ್ಟು ಮೇಲಕ್ಕೆ ಬಂದ್ರೆ ಒಂದೊಂದ್ಸಲ ಗವ್ ಅಂತ ಕತ್ಲು. ಗೇಟ್ ತಾವ ನೂರಾರು ಸೈಕಲ್ಲು. ಕಣ್ಣಲ್ಲಿ ಉಡುಕೋಕಾಗ್ತದಾ? ಅದಕ್ಕೇ ಸೈಕಲ್ಲು ತಂದಿದ್ದಿನ ಪೂಜೆಗೂ ಮುಂಚೆ ಕಬ್ಬಿಣ ಉಜ್ಜೋ ಅರ ತಗೊಂಡು, ಕೈಗೆ ಸಿಗೋ ಅಂತಾ ಒಂದು ಜಾಗದಾಗೆ ಗೀರು ಆಕ್ತಿದ್ವಿ. ಒಬ್ಬಂದು ಇದ್ದಂಗೆ ಇನ್ನೊಬ್ಬಂದಿಲ್ಲ. ಕಳ್ಳ ಒತ್ಕೊಂಡೋಗಿ ಬಣ್ಣ ಬಳ್ದ್ರೂ ಗುರುತು ಓಗಲ್ಲ ನೋಡು."

"ಅದನ್ನ ಬಾಯಿಬಿಟ್ಟು ಹೇಳೋಕೇನು ಅವರಿಗೆ?"

"ಎಂಡ್ತಿಗೂ ಏಳ್ತಿರಲಿಲ್ಲ ಕಣಮ್ಮ ನಾವು. ಏಳಿದ್ಮೇಲೆ ಅದು ಗುರುತೆಂಗಾಗ್ತದೆ? ಯಾರ್ ಬೇಕಾದ್ರೂ ಆಕ್ಕೋಬೋದು."

"ನಿಮ್ಮದು ಎಲ್ಲಿತ್ತು?" ಅಂದೆ.

ಆ ಸೈಕಲ್ಲು ಗುಜರಿಗೆ ಹೋಗಿ ಎಷ್ಟು ವರ್ಷವಾಯಿತೋ. ಆದರೂ ಅವರು ಕ್ಯಾನು ಮುಂದಕ್ಕಿಟ್ಟು, "ಆಲು ಅಳಿಯಮ್ಮ ನೀನು," ಅಂದರು.

ನಾನು ಸಾಲು ನಿಲ್ಲಿಸಿ ಫೋನು ತೆಗೆದೆ. ಬಿಚ್ಚುವ ಮೊದಲು ಹೊಡೆದ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಒಂದರಲ್ಲಿ ಇತ್ತು. ಕಪ್ಪು ಬಣ್ಣದಡಿಯಲ್ಲೂ ಕಾಣುವಂತೆ, ಅಂತರ ನೋಡಿ ಕೊರೆದ ಗೀರುಗಳು. ಅಂಚುಗಳು ವರ್ಷಗಟ್ಟಲೆ ಬೆರಳಾಡಿ ಸವೆದು ದುಂಡಗಾಗಿದ್ದವು. ಯಾವ ಸರಪಳಿಯೂ ಹಾಗೆ ಉಜ್ಜುವುದಿಲ್ಲ. ಸೈಕಲ್ಲಿನ ಕೆಲಸ ಬಲ್ಲೆ ಎಂದುಕೊಂಡಿರುವ ನನಗೆ ಅದು ಕಣ್ಣಿಗೆ ಬಿದ್ದಿತ್ತು, ಬುದ್ಧಿಗೆ ಹೋಗಿರಲಿಲ್ಲ. ಆ ಮುದುಕರ ಪಾಲಿಗೆ ನಾನು ಅವರ ಸೈಕಲ್ಲನ್ನು ನಿಜವಾಗಿಯೂ ಇಲ್ಲದಂತೆ ಮಾಡಿದ್ದೆ.

ಮರುದಿನ ಬೆಳಗಿನ ಹಾಲು ಮುಗಿಸಿ ಮತ್ತೆ ಉರಿಗಾಂ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದೆ. ನಿಮ್ಮ ಗುರುತನ್ನು ನಾನೇ ಮುಚ್ಚಿದೆ ತಾತ, ತೆಗೆದುಕೊಡುತ್ತೇನೆ ಅಂದರೆ ನಾನು ಕಳ್ಳಿಯಲ್ಲ ಎಂದು ಒಂದೇ ಮಾತಿನಲ್ಲಿ ತೀರುತ್ತದೆ. ಆದರೆ ಆ ಮಾತು ಕೇಳಿದ ಸಾಲುಮನೆಗೆಲ್ಲ ಗುರುತೊಂದಿದೆ ಎಂದು ಗೊತ್ತಾಗುತ್ತದೆ. ನಾನು ಅದನ್ನು ನೋಡಿದ್ದೇನೆ ಎಂದು ಅವರಿಗೆ ಗೊತ್ತಾಗುತ್ತದೆ. ಜೀವಮಾನವೆಲ್ಲ ಹೆಂಡತಿಗೂ ಹೇಳದೆ ಇಟ್ಟುಕೊಂಡದ್ದು, ಕಣ್ಣು ಹೋದ ಮೇಲೆ ಉಳಿದದ್ದು ಅದೊಂದು. ಅವರು ಕಲ್ಲಿನ ಮೇಲೆ ಹಾಗೆಯೇ ಕೂತಿದ್ದರು. ಮಗಳು ಅವತ್ತು ಕೆಲಸಕ್ಕೆ ಹೋಗಿರಲಿಲ್ಲ. ನಿನ್ನೆ ರಾತ್ರಿಯೂ ಅಪ್ಪ ಉಂಡಿಲ್ಲ ಎಂದು ಪಿಸುಗುಟ್ಟಿದಳು. ಪಕ್ಕದ ಮನೆಯವಳು ಬಾಗಿಲಿಗೆ ಬಂದು, ನಿನ್ನೆ ಹೊಗಳಿದ ಬಾಯನ್ನು ಬಿಗಿದು ನಿಂತಳು.

"ತಾತ, ನಿಮ್ಮ ಮಾತೇ ಸರಿ," ಅಂದೆ. "ಒಂದೇ ತರದ ಎರಡು ಸೈಕಲ್ಲಿತ್ತು ನನ್ನ ಹತ್ರ. ಒಂದಕ್ಕೊಂದು ಬದಲಾಗೋಗಿದೆ. ತಪ್ಪು ನಂದೇ. ಇದನ್ನ ತಗೊಂಡೋಗಿ ನಿಮ್ಮದು ತರ್ತೀನಿ."

ನನ್ನ ಜನ್ಮದಲ್ಲಿ ಮಾಡದ ತಪ್ಪನ್ನು ಒಪ್ಪಿಕೊಂಡದ್ದು ಅದೊಂದೇ ಸಲ. ಮಾಡಿದ್ದನ್ನೇ ಒಪ್ಪಿಕೊಳ್ಳುವವಳಲ್ಲ ಎಂದು ನನ್ನ ಗಂಡನನ್ನು ಕೇಳಿದರೆ ಹೇಳುತ್ತಾರೆ. ಪಕ್ಕದ ಮನೆಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟ ನುಂಗಿಕೊಂಡು, ಹೊಳೆಯುವ ನೀಲಿ ಸೈಕಲ್ಲು ತಳ್ಳಿಕೊಂಡು ಬಂದೆ.

ಚಪ್ಪರದ ಕೆಳಗೆ ಅದನ್ನು ಮಲಗಿಸಿದೆ. ಬೇರೆ ಗೀರು ಹಾಕುವುದು ಐದು ನಿಮಿಷದ ಕೆಲಸ. ಆದರೆ ಸವೆದ ಅಂಚನ್ನು ಎಲ್ಲಿಂದ ತರಲಿ? ಹಳೆಯದನ್ನೇ ತೆಗೆಯಬೇಕು. ಬಣ್ಣ ಎಬ್ಬಿಸುವ ಔಷಧವನ್ನು ಹತ್ತಿಯಲ್ಲಿ ಅದ್ದಿ ಆ ಜಾಗಕ್ಕೆ ಇಟ್ಟೆ. ನೀಲಿ ಸುಕ್ಕಾಗಿ ಎದ್ದಿತು. ಹೊಲಿಗೆ ಮೆಷಿನ್ನಿನ ಸೂಜಿ ಹಿಡಿದು, ಕಬ್ಬಿಣಕ್ಕೆ ಹೊಸ ಗೀರು ಬೀಳದ ಹಾಗೆ, ಪುಟ್ಟಿಯನ್ನು ಪುಡಿಪುಡಿಯಾಗಿ ಕೆದಕಿದೆ. ಎರಡು ಮಧ್ಯಾಹ್ನ ಹಿಡಿಯಿತು. ಅಪ್ಪ ಇದ್ದಿದ್ದರೆ, ಮಾಡಿದ ಕೆಲಸವನ್ನು ಯಾಕೆ ಕೆಡಿಸುತ್ತಿದ್ದೀಯ ಅನ್ನುತ್ತಿದ್ದರು. ಕೊನೆಗೆ ಒಂದಿಷ್ಟು ಗ್ರೀಸು ಸವರಿ, ಒರೆಸಿ, ಕಣ್ಣು ಮುಚ್ಚಿ ಬೆರಳಾಡಿಸಿದೆ. ಬೆರಳು ನಿಂತಿತು.

ಸುತ್ತಲಿನ ನೀಲಿ ತೇಪೆಯಾಗಿತ್ತು. ಮತ್ತೆ ಬಳಿಯಲು ಹೋಗಲಿಲ್ಲ. ಫೋನಿನಲ್ಲಿದ್ದ ಆ ಫೋಟೋ ಅಳಿಸಿಹಾಕಿದೆ.

ಮುಂದಿನ ಭಾನುವಾರ ಮತ್ತೆ ಅವರ ಮನೆಯ ಮುಂದೆ ಸೈಕಲ್ಲು ನಿಲ್ಲಿಸಿದಾಗ ನೋಡಲು ಯಾರೂ ಹೊರಗೆ ಬರಲಿಲ್ಲ, ಮಗಳೊಬ್ಬಳನ್ನು ಬಿಟ್ಟು. ಅವರು ಈ ಸಲ ಬೆಲ್ಲು ಒತ್ತಲಿಲ್ಲ, ಸೀಟು ತಟ್ಟಲಿಲ್ಲ. ಕೈ ನೇರವಾಗಿ ಹೋಗಬೇಕಾದಲ್ಲಿಗೆ ಹೋಯಿತು. ನಾನು ಬಾಗಿಲ ಮೇಲಿನ ಬಿಳಿ ಕೋಲಿನ ಕಡೆ ನೋಡುತ್ತಾ ನಿಂತೆ.

"ಇದು ನಂದು," ಅಂದರು.

ಆಮೇಲೆ ಕೈ ಬೆಲ್ಲಿನ ಮೇಲೆ ಬಂತು, ಹಿಡಿಗಳ ಮೇಲೆ, ಬ್ರೇಕಿನ ಮೇಲೆ. ಮೊದಲ ಸಲ ಮುಟ್ಟಿ ನೋಡಿದ್ದವನ್ನೇ ಒಂದೊಂದಾಗಿ ಮತ್ತೆ ಮುಟ್ಟಿದರು. ಬ್ರೇಕಿನ ಕಡ್ಡಿಯ ತುದಿಯಲ್ಲಿ ಸಣ್ಣದೊಂದು ಚಕ್ಕೆ ಎದ್ದಿತ್ತು, ಅಲ್ಲಿ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು. ಹೋದ ಸಲವೂ ಅದೇ ಚಕ್ಕೆ ಅವರ ಬೆರಳಿಗೆ ಸಿಕ್ಕಿರಬೇಕೆಂದು ನನಗೆ ಆಗ ಹೊಳೆಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಹೀಗೇ ಆಗುವುದು.

"ಆವತ್ತು ತಂದಿದ್ಯಲ್ಲ," ಮಗಳಿಗೆ ಕೇಳದಷ್ಟು ಮೆಲ್ಲಗೆ ಅಂದರು, "ಅದೂ ಇದೇ ಅಲ್ವಾ?"

"ಅಲ್ಲ ತಾತ. ಅದು ಬೇರೆ."

"ನೀನು ಏನಾದ್ರೂ ನೋಡಿದ್ಯಾ?"

"ಏನನ್ನ?"

ಅವರು ಬ್ರೇಕಿನಿಂದ ಕೈ ತೆಗೆದರು. "ಬೇರೆ ಇರ್ಬೇಕು ಬುಡು," ಅಂದರು. ತುಟಿಯ ಒಂದು ಬದಿಯಲ್ಲಿ ನಕ್ಕರು. ನನ್ನ ಕೈ ಹುಡುಕಿ ಹಿಡಿದು, ಒಮ್ಮೆ ಅದುಮಿ ಬಿಟ್ಟರು. ಮಗಳನ್ನು ಕೂಗಿ, ಚಪ್ಪಲಿ ಎಲ್ಲೆಂದು ಕೇಳಿದರು.

ಚಪ್ಪಲಿ ತರಲು ಒಳಗೆ ಹೋದ ಅವಳು ಎಷ್ಟು ಹೊತ್ತಾದರೂ ಬರಲಿಲ್ಲ. ಅಳುತ್ತಿದ್ದಳು. ನಾನೇ ಹೋಗಿ ತಂದುಕೊಟ್ಟೆ.

ಅವರು ಮುಂದೆ, ನಾನೂ ಮಗಳೂ ಹತ್ತು ಹೆಜ್ಜೆ ಹಿಂದೆ. ಟ್ಯಾಂಕಿನ ಹತ್ತಿರ ಒಬ್ಬರು, "ಏನಣ್ಣ, ಎಲ್ಲಿಗೋಗ್ತಿದ್ದೀಯ?" ಅಂದರು. "ಟೀಗೆ," ಎಂದು ಅವರು ನಿಲ್ಲದೆ ಹೇಳಿದರು. ಟೀ ಅಂಗಡಿಯ ಗೋಡೆಗೆ ಏಳೆಂಟು ಸೈಕಲ್ಲುಗಳು ಒರಗಿದ್ದವು. ಅವುಗಳ ಸಾಲಿಗೆ ತಮ್ಮದನ್ನೂ ಒರಗಿಸಿ ಬೆಂಚಿನ ಮೇಲೆ ಕೂತರು. ಹಳೆಯ ನಾಲ್ವರಲ್ಲಿ ಇಬ್ಬರು ಬಂದಿದ್ದರು. ಎಷ್ಟು ತಿಂಗಳ ಮಾತು ಬಾಕಿಯಿತ್ತೋ, ಮೂರು ಟೀ ಆದವು. ಯಾರೋ ಸೈಕಲ್ಲು ತೆಗೆದರು, ಯಾರೋ ತಂದು ಮಧ್ಯೆ ನಿಲ್ಲಿಸಿದರು, ಸಾಲು ಅದಲುಬದಲಾಯಿತು. ಮಗಳು ಎದ್ದು ಹೋಗಿ ಅಪ್ಪನದನ್ನು ಬೇರೆ ತೆಗೆದಿಡಲು ಹೊರಟಳು. ನಾನು ಕೈ ಹಿಡಿದು ಕೂರಿಸಿದೆ.

ಮಾರಿಕುಪ್ಪಂ ಕಡೆಯಿಂದ ಬಂದ ರೈಲು ಸ್ಟೇಷನ್ನು ಬಿಟ್ಟ ಮೇಲೆ ಅವರು ಎದ್ದು ಗೋಡೆಯ ಹತ್ತಿರ ಬಂದರು. ಮೊದಲ ಸೈಕಲ್ಲಿನ ಮೇಲೆ ಕೈಯಿಟ್ಟರು, ಬಿಟ್ಟರು. ಎರಡನೆಯದು, ಬಿಟ್ಟರು. ಬೆಂಚಿನ ಮೇಲಿದ್ದ ಇಬ್ಬರು ಮುದುಕರು ಆಗಲೇ ತಮ್ಮ ಲೋಟದೊಳಗೆ ನೋಡುತ್ತಿದ್ದರು. ನಾನು ಮಗಳ ಭುಜ ಹಿಡಿದು ತಿರುಗಿಸಿ, ರೈಲು ಹೋಗಿ ಖಾಲಿಯಾದ ಹಳಿಯ ಕಡೆ ಮುಖ ಮಾಡಿ ನಿಂತೆ. ಹಿಂದೆ ಬೆಲ್ಲಿನ ಸದ್ದು ಒಮ್ಮೆ ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಅವರು ನೀಲಿ ಸೈಕಲ್ಲು ತಳ್ಳಿಕೊಂಡು ಮೋರಿ ದಾಟಿ ಮನೆಯ ಕಡೆಗೆ ಹೊರಟಿದ್ದರು.